ಆಡಿ ಕಲಿತ ಇತಿಹಾಸ



'ಓದುವಾಗ ಓದು, ಆಡುವಾಗ ಆಡು' ಎಂಬ ಗಾದೆ ನಮಗೆಲ್ಲ ಗೊತ್ತು. ಈ ವರ್ಷ ನಮ್ಮ ಒಂಬತ್ತನೇ ತರಗತಿಯಲ್ಲಿ ಈ ಗಾದೆ ಸ್ವಲ್ಪ ಅದಲು ಬದಲಾಯಿತು. ಸಮಾಜ ಪಾಠದ ಪೀರಿಯಡ್ಡಿನಲ್ಲಿ ಓದುವುದೂ ಆಡುವುದೂ ಒಟ್ಟಿಗೇ ನಡೆದವು. ಪಕ್ಕದ ತರಗತಿಯವರು ಕಿಟಕಿಯಲ್ಲಿ ಇಣುಕಿ 'ಏನ್ರೋ ಅದು ಗಲಾಟೆ?' ಎಂದು ಕೇಳುತ್ತಲೇ ಇದ್ದರು. ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರ ಹೇಳುವುದಕ್ಕಿಂತ ಗೋಡೆ ಪತ್ರಿಕೆಯಲ್ಲೇ ಬರೆದುಬಿಡೋಣ ಅಂತ ಈ ಲೇಖನ ಬರೆದಿದ್ದೇನೆ. ನಮ್ಮ ಕಿರಿಯ ತರಗತಿಯವರಿಗೂ, ಅಕ್ಕಪಕ್ಕದ ಊರಿನಿಂದ ಬಂದು ಈ ಪತ್ರಿಕೆ ಓದುವ ಮೇಷ್ಟ್ರುಗಳಿಗೂ ಇದು ಉಪಯೋಗವಾದರೆ ನನ್ನ ಶ್ರಮ ಸಾರ್ಥಕ.

ನಾಟಕ ಬೇರೆ, ಆಡುವ ಪಾಠ ಬೇರೆ

ಹಿರಿಯೂರು, ಚಳ್ಳಕೆರೆ ಕಡೆಯವರಾದ ನಮಗೆ ವೇಷ ಕಟ್ಟುವುದು ಹೊಸದಲ್ಲ. ಬಯಲಾಟ ನೋಡಿ ಬೆಳೆದವರು ನಾವು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ ಶಿವಸಂಚಾರ ತಂಡದವರು 1997ರಿಂದ ಊರೂರು ತಿರುಗಿ ನಾಟಕ ಆಡುತ್ತಾ ಬಂದಿದ್ದಾರೆ. ಆದರೆ ಬಯಲಾಟವಾಗಲಿ ನಾಟಕವಾಗಲಿ, ಅದರಲ್ಲಿ ಮಾತು ಮೊದಲೇ ಬರೆದಿರುತ್ತದೆ. ಬಾಯಿಪಾಠ ಮಾಡಿ ಒಪ್ಪಿಸಿದರೆ ಆಯಿತು.

ತರಗತಿಯಲ್ಲಿ ಆಡುವ ಇತಿಹಾಸದಲ್ಲಿ ಮಾತು ಬರೆದಿರುವುದಿಲ್ಲ. ಪಾತ್ರ ಮಾತ್ರ ಸಿಗುತ್ತದೆ. ಮಾತನ್ನು ನಾವೇ ಹುಡುಕಬೇಕು. 'ನಾನು ದಿವಾನ' ಎಂದು ಎದ್ದು ನಿಂತವನಿಗೆ ಆಗ ಇಸವಿ ಎಷ್ಟು, ರಾಜ್ಯ ಯಾರ ಕೈಯಲ್ಲಿತ್ತು, ಬೊಕ್ಕಸದಿಂದ ಹಣ ಯಾತಕ್ಕೆ ಬೇಕಿತ್ತು, ಇದೆಲ್ಲ ತಿಳಿಯದಿದ್ದರೆ ಬಾಯಿ ತೆರೆಯುವುದಕ್ಕೇ ಆಗುವುದಿಲ್ಲ. ಹೀಗೆ ಗೊತ್ತಿಲ್ಲದೆ ನಿಂತಾಗ ಓದಬೇಕು ಅಂತ ತಾನಾಗೇ ಅನ್ನಿಸುತ್ತದೆ. ಇಷ್ಟೇ ಇದರ ಗುಟ್ಟು.

ಇಂಗ್ಲೆಂಡಿನಲ್ಲಿ ಡೊರೊಥಿ ಹೀತ್‌ಕೋಟ್ (1926–2011) ಎಂಬ ಶಿಕ್ಷಕಿ ಮಕ್ಕಳಿಗೆ ಹೀಗೇ ಪಾತ್ರಗಳ ಮೂಲಕ ಪಾಠ ಹೇಳಿ ಹೆಸರಾದವರು. ಟೀಚರು ಕುರ್ಚಿಯಲ್ಲಿ ಕೂತು ಆಟ ಆಡಿಸುವುದಲ್ಲ, ತಾವೂ ಒಂದು ಪಾತ್ರವಾಗಿ ಒಳಗೆ ಬರಬೇಕು ಎಂಬುದು ಅವರ ಕ್ರಮ. ನಮ್ಮ ಮೇಷ್ಟ್ರೂ ಹಾಗೇ ಮಾಡಿದರು. ಯಾವಾಗಲೂ ಸಣ್ಣ ಪಾತ್ರವನ್ನೇ ತೆಗೆದುಕೊಂಡರು. ಗುಮಾಸ್ತ, ಡಂಗುರದವನು, ಬಾಗಿಲು ಕಾಯುವವನು, ಹೀಗೆ.

ಕರಿಹಲಗೆಯ ಮೂರು ಮನೆ

ಆಟ ಶುರುವಾಗುವ ಮೊದಲು ಕರಿಹಲಗೆಯ ಮೇಲೆ ಮೂರು ಮನೆ ಬರೆಯುತ್ತೇವೆ.

1. ಬರಹದಲ್ಲಿ ಇರುವುದು (ಶಾಸನ, ದಾಖಲೆ, ಜನಗಣತಿ)
2. ಜನರ ಬಾಯಲ್ಲಿ ಇರುವುದು (ಅಜ್ಜಿ ಹೇಳಿದ್ದು, ಲಾವಣಿ, ಊರಿನ ಕಥೆ)
3. ನಮ್ಮ ಊಹೆ

ಆಟದಲ್ಲಿ ಯಾರು ಏನೇ ಹೇಳಿದರೂ ಆಟ ಮುಗಿದ ಮೇಲೆ ಆ ಮಾತನ್ನು ಈ ಮೂರು ಮನೆಗಳಲ್ಲಿ ಒಂದಕ್ಕೆ ಹಾಕಬೇಕು. ಊಹೆ ಮಾಡುವುದು ತಪ್ಪಲ್ಲ. ಊಹೆಯನ್ನು ಒಂದನೇ ಮನೆಗೆ ನುಗ್ಗಿಸುವುದು ತಪ್ಪು. ಈ ನಿಯಮ ಇಲ್ಲದಿದ್ದರೆ ಅದು ಬರೀ ತಮಾಷೆಯಾಗುತ್ತದೆ, ಇತಿಹಾಸ ಆಗುವುದಿಲ್ಲ.

ಮೊದಲ ಆಟ: ಚಪಡನ ಸಹಿ

ಮೊದಲು ಸುಲಭದ್ದು ಆಡಿದೆವು. ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿಯ ಶಾಸನವಿದೆ. ಪಕ್ಕದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಇವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕ್ಷೇಮ ಕೇಳಿ ಕಳಿಸಿದ ಆಜ್ಞೆ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಂದೆತಾಯಿಗೆ ವಿಧೇಯರಾಗಿರಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಶಿಷ್ಯರು ಗುರುಗಳನ್ನು ಗೌರವಿಸಲಿ ಎಂಬ ಅರ್ಥದ ಮಾತುಗಳು ಅದರಲ್ಲಿವೆ. (ಕೊನೆಯದನ್ನು ಓದುವಾಗ ಮೇಷ್ಟ್ರು ಹಿಂದಿನ ಬೆಂಚಿನ ಕಡೆ ಒಂದು ಸಲ ನೋಡಿದರು.)

ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ಆತ ತನ್ನ ಕಸುಬನ್ನು ಸೂಚಿಸುವ ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದು ಬಳಕೆಯಲ್ಲಿದ್ದದ್ದು ದೂರದ ಗಾಂಧಾರದ ಕಡೆ.

ನಮ್ಮ ಆಟ ಇಷ್ಟೇ. ಒಬ್ಬಳು ಚಪಡ, ಇಬ್ಬರು ಮಹಾಮಾತ್ರರು, ಉಳಿದವರೆಲ್ಲ ಇಸಿಲದ ಜನ. ಬಂಡೆಯ ಮೇಲೆ ಆಜ್ಞೆ ಕೆತ್ತುತ್ತಿದ್ದಾರೆ. ಜನ ಸುತ್ತ ನಿಂತಿದ್ದಾರೆ. ಎರಡು ನಿಮಿಷ ಆಗುವಷ್ಟರಲ್ಲಿ ಜನರ ಗುಂಪಿನಿಂದ ಒಬ್ಬ 'ಅಣ್ಣಾ, ಇದ್ರಾಗೆ ಏನ್ ಬರೆದೈತೆ? ನಮಗೆ ಓದಾಕೆ ಬರಲ್ಲ' ಅಂದ. ಚಪಡನಾಗಿದ್ದವಳು ನಿಂತುಬಿಟ್ಟಳು. ನಿಜವಲ್ಲವೇ? ಊರಿನವರ ಮಾತು ಬೇರೆ, ಬಂಡೆಯ ಮೇಲಿನ ಮಾತು ಬೇರೆ. ಹಾಗಾದರೆ ಯಾರೋ ಓದಿ ಹೇಳಿರಲೇಬೇಕು. ಪುಸ್ತಕದಲ್ಲಿ 'ಅಶೋಕನು ಶಾಸನಗಳನ್ನು ಕೆತ್ತಿಸಿದನು' ಎಂಬ ಒಂದು ಸಾಲು ಓದಿದಾಗ ಈ ಪ್ರಶ್ನೆ ನಮಗೆ ಯಾರಿಗೂ ಹುಟ್ಟಿರಲಿಲ್ಲ. ಜನರ ನಡುವೆ ನಿಂತು ನೋಡಿದಾಗ ಹುಟ್ಟಿತು. 'ಚಪಡ ಗಾಂಧಾರದ ಕಡೆ ಅಕ್ಷರ ಕಲಿತವನಿರಬೇಕು' ಎಂಬ ಮಾತನ್ನು ಮೂರನೇ ಮನೆಗೆ ಹಾಕಿದೆವು. ಆತನ ಹೆಸರು, ಆತನ ಎರಡು ಲಿಪಿ, ಇವು ಒಂದನೇ ಮನೆಗೆ.

ಎರಡನೇ ಆಟ: ಮಾರಿಕಣಿವೆ ಕಟ್ಟೆ

ಇನ್ನು ದೊಡ್ಡ ಆಟಕ್ಕೆ ಬರುತ್ತೇನೆ. ನಮ್ಮ ತಾಲ್ಲೂಕಿನ ವಾಣಿವಿಲಾಸ ಸಾಗರ ಯಾರಿಗೆ ಗೊತ್ತಿಲ್ಲ? ನಾವು ಅದನ್ನು ಮಾರಿಕಣಿವೆ ಅಂತಲೇ ಕರೆಯುತ್ತೇವೆ. ವೇದಾವತಿ ನದಿಗೆ ಅಡ್ಡಲಾಗಿ ಎರಡು ಗುಡ್ಡದ ನಡುವೆ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕನ್ನಂಬಾಡಿ ಕಟ್ಟೆಗಿಂತ ಹಳೆಯದು. ತುಂಬಿದಾಗ 130 ಅಡಿ, ಸುಮಾರು 30 ಟಿ.ಎಂ.ಸಿ. ನೀರು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ.

ಕೆಲಸ ಶುರುವಾದಾಗ ಮೈಸೂರಿನ ದಿವಾನರು ಕೆ. ಶೇಷಾದ್ರಿ ಅಯ್ಯರ್. ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡಿದ್ದರಿಂದ, ಮಗ ಕೃಷ್ಣರಾಜ ಒಡೆಯರು ಇನ್ನೂ ಚಿಕ್ಕವರಿದ್ದದ್ದರಿಂದ, ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ ರಾಜ್ಯ ನೋಡಿಕೊಳ್ಳುತ್ತಿದ್ದರು. ವಾಣಿವಿಲಾಸ ಎಂಬುದು ಅವರದೇ ಬಿರುದು. ದಿವಾನರು 1901ರಲ್ಲಿ ತೀರಿಕೊಂಡರು. 1902ರಲ್ಲಿ ಮಹಾರಾಣಿಯವರು ಮಗನಿಗೆ ಅಧಿಕಾರ ಒಪ್ಪಿಸಿದರು. ಶುರು ಮಾಡಿದವರಲ್ಲಿ ಒಬ್ಬರು ಕಟ್ಟೆ ಮುಗಿದದ್ದನ್ನು ನೋಡಲೇ ಇಲ್ಲ.

ಇಷ್ಟು ಪುಸ್ತಕದಿಂದ ಬಂತು. ಬಾಯಿಪಾಠ ಮಾಡಿದರೆ ಎರಡು ಮಾರ್ಕ್ಸಿನ ಉತ್ತರ. ಈಗ ಆಡುವುದು ಹೇಗೆ?

ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಎಂಬುದನ್ನು ಶುರು ಮಾಡಿದ್ದರು. ಮೊದಲ ಸಭೆಗೆ 144 ಜನ ಬಂದಿದ್ದರು. ದಸರಾ ಸಮಯದಲ್ಲಿ ಸೇರುತ್ತಿದ್ದರು. ದಿವಾನರು ವರ್ಷದ ಲೆಕ್ಕ ಹೇಳುವುದು, ಪ್ರತಿನಿಧಿಗಳು ತಮ್ಮ ಊರಿನ ಕಷ್ಟ ಹೇಳುವುದು. ಕಾನೂನು ಮಾಡುವ ಅಧಿಕಾರ ಆಗ ಸಭೆಗೆ ಇರಲಿಲ್ಲ. ಆಮೇಲೆ 1891ರಿಂದ ಚುನಾವಣೆ ಬಂತು, ಆದರೆ ಆಸ್ತಿ, ಕಂದಾಯ ಇದ್ದವರಿಗೆ ಮಾತ್ರ ಮತ.

ನಾವು ಇಟ್ಟುಕೊಂಡ ವರ್ಷ 1897. ಕಟ್ಟೆ ಕೆಲಸ ಶುರುವಾಗುವ ಹಿಂದಿನ ವರ್ಷ. ಸಭೆಯಲ್ಲಿ ಕಟ್ಟೆಯ ಮಾತು ಎದ್ದರೆ ಯಾರ್ಯಾರು ಏನೇನು ಹೇಳುತ್ತಿದ್ದರು? ಇಂಥ ಚರ್ಚೆ ಹೀಗೇ ನಡೆಯಿತು ಅಂತ ನಾವು ಹೇಳುತ್ತಿಲ್ಲ. ಆಟ ಇಡೀ ಮೂರನೇ ಮನೆಯದು, ಅದರೊಳಗಿನ ಸಾಮಗ್ರಿ ಮಾತ್ರ ಒಂದನೇ ಮನೆಯದು. ಇದನ್ನು ಮೊದಲೇ ಹಲಗೆಯ ಮೇಲೆ ದೊಡ್ಡದಾಗಿ ಬರೆದೆವು.

ಆರನೆಯವರು ಎದ್ದು ನಿಲ್ಲಿ

ಸಭೆ ಶುರುವಾಗುವ ಮುಂಚೆ ಮೇಷ್ಟ್ರು ಒಂದು ಕೆಲಸ ಮಾಡಿಸಿದರು. 'ಒಂದರಿಂದ ಆರರವರೆಗೆ ಎಣಿಸ್ತಾ ಬನ್ನಿ' ಅಂದರು. ನಾವು 36 ಮಂದಿ. ಎಣಿಸಿದೆವು. 'ಆರು ಬಂದೋರೆಲ್ಲ ಎದ್ದು ಗೋಡೆ ಪಕ್ಕ ನಿಂತ್ಕೊಳ್ಳಿ' ಅಂದರು. ಆರು ಜನ ಹೋಗಿ ನಿಂತರು. ಅದರಲ್ಲಿ ನನ್ನ ಪಕ್ಕದಲ್ಲಿ ಕೂರುವ ಗೆಳತಿಯೂ ಇದ್ದಳು.

ಆಮೇಲೆ ಹೇಳಿದರು. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ದೊಡ್ಡ ಬರ ಬಂತು. ಧಾತು, ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಧಾತು-ಈಶ್ವರದ ಬರ ಎಂದು ಹೇಳುತ್ತಾರೆ. 1871ರ ಜನಗಣತಿಯಲ್ಲಿ ಮೈಸೂರು ರಾಜ್ಯದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಜನಸಂಖ್ಯೆ ಹೆಚ್ಚಬೇಕಿತ್ತು, ಆದರೆ ಸುಮಾರು 8 ಲಕ್ಷ 69 ಸಾವಿರ ಕಡಿಮೆಯಾಗಿತ್ತು. ಅಂದರೆ ಆರರಲ್ಲಿ ಒಬ್ಬರು. ಹಸಿವಿನಿಂದ ಸತ್ತವರು, ರೋಗದಿಂದ ಸತ್ತವರು, ಊರು ಬಿಟ್ಟು ಹೋದವರು, ಹುಟ್ಟದೇ ಉಳಿದ ಮಕ್ಕಳು, ಎಲ್ಲ ಸೇರಿ.

ಗೋಡೆ ಪಕ್ಕ ನಿಂತವರು ಮೊದಲು ನಗುತ್ತಿದ್ದರು. ಆಮೇಲೆ ನಗು ನಿಂತಿತು. ಬೆಂಚಿನ ಮೇಲೆ ಅಲ್ಲಲ್ಲಿ ಜಾಗ ಖಾಲಿ. ನನ್ನ ಪಕ್ಕವೂ ಖಾಲಿ. ಆ ಎರಡು ಜನಗಣತಿಯ ಅಂಕಿ ನಾನಿನ್ನು ಮರೆಯುವುದಿಲ್ಲ.

ಸೀಮೆಸುಣ್ಣದ ಗೆರೆ

ಮಾರನೆಯ ದಿನ ಸಭೆ. ಪಾತ್ರಗಳನ್ನು ಚೀಟಿ ಹಾಕಿ ಎತ್ತಿದೆವು. ದಿವಾನರು, ಇಂಜಿನಿಯರು, ಹಿರಿಯೂರಿನ ಕೆಳಗಡೆ ಹೊಲ ಇರುವ ರೈತ, ಮುಳುಗಡೆಯಾಗುವ ಊರಿನ ಪಟೇಲ, ವರ್ತಕ, ಕಲ್ಲು ಹೊರುವ ಕೂಲಿಯವನು, ಮುಳುಗುವ ಊರಿನ ಹೆಂಗಸು, ಹೀಗೆ. ಮೇಷ್ಟ್ರು ಸಭೆಯ ಗುಮಾಸ್ತ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಚೌಕ ಎಳೆದರು. 'ಇದು ಸಭೆ. ಒಳಗಿದ್ದವರಿಗೆ ಮಾತ್ರ ಮಾತು.'

ಕೂಲಿಯವನ ಚೀಟಿ ಬಂದವನು ಚೌಕದ ಒಳಗೆ ಕಾಲಿಟ್ಟ. ಗುಮಾಸ್ತರು ತಡೆದರು.

'ನಿನ್ನ ಹೆಸರಿಗೆ ಜಮೀನು ಉಂಟೇನಪ್ಪ? ಕಂದಾಯ ಕಟ್ತೀಯಾ?'

'ಇಲ್ಲ ಸ್ವಾಮಿ.'

'ಹಾಗಾದ್ರೆ ಗೆರೆಯ ಆಚೆ ನಿಂತ್ಕೋ.'

'ಮತ್ತೆ ನಾನ್ ಯಾವಾಗ ಮಾತಾಡಾದು?'

'ನಿನಗೆ ಇಲ್ಲಿ ಮಾತಿಲ್ಲ.'

'ಕಲ್ಲು ಹೊರಾನು ನಾನೇ ಅಲ್ವಾ ಸಾರ್?' ಅಂದ. ಪಾತ್ರ ಮರೆತು 'ಸಾರ್' ಅಂದುಬಿಟ್ಟ. ಆದರೂ ಯಾರೂ ನಗಲಿಲ್ಲ.

ಹೆಂಗಸಿನ ಪಾತ್ರದವಳೂ ಗೆರೆಯ ಆಚೆಯೇ ನಿಂತಳು. ಆಗ ಹೆಣ್ಣುಮಕ್ಕಳಿಗೆ ಮತವೂ ಇರಲಿಲ್ಲ, ಸಭೆಯಲ್ಲಿ ಸ್ಥಾನವೂ ಇರಲಿಲ್ಲ. 'ರಾಜ್ಯ ಆಳ್ತಿರೋದೇ ಹೆಂಗಸು, ಸಭೆ ಒಳಗೆ ಮಾತ್ರ ಹೆಂಗಸು ಬರಂಗಿಲ್ವಾ?' ಎಂದು ಆಚೆಯಿಂದಲೇ ಕೇಳಿದಳು. ಗುಮಾಸ್ತರ ಹತ್ತಿರ ಉತ್ತರ ಇರಲಿಲ್ಲ. ಮಹಾರಾಣಿಯವರು ರೀಜೆಂಟರಾಗಿದ್ದರು ಎಂದು ಪುಸ್ತಕದಲ್ಲಿದೆ. ಸಭೆಯಲ್ಲಿ ಯಾರಿದ್ದರು ಎಂಬುದೂ ಪುಸ್ತಕದಲ್ಲಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದು ಮಾತ್ರ ಆ ಗೆರೆಯ ಆಚೆ ನಿಂತವಳು.

ಎರಡೂ ಕಡೆ ನ್ಯಾಯ

ದಿವಾನರ ಚೀಟಿ ಎತ್ತಿದ ಹುಡುಗಿಯ ಕಥೆ ಹೇಳಲೇಬೇಕು. ಅವಳ ಮನೆಯಲ್ಲಿ ತಲೆತಲಾಂತರದಿಂದ ಒಂದು ಮಾತಿದೆ, 'ನಮ್ಮ ಹಳೇ ಊರು ಕಟ್ಟೆ ನೀರಾಗೈತೆ' ಅಂತ. ಈಗ ಅವಳೇ ಎದ್ದು ನಿಂತು ಕಟ್ಟೆ ಬೇಕು ಎಂದು ವಾದಿಸಬೇಕು. 'ನಾನೆಂಗೆ ಹೇಳ್ಲಿ ಸಾರ್?' ಅಂದಳು. 'ಆಗದಿದ್ರೆ ಬಿಡಮ್ಮ, ಬೇರೆ ಚೀಟಿ ತಗೋ, ಬಲವಂತ ಇಲ್ಲ' ಅಂದರು ಮೇಷ್ಟ್ರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಚೀಟಿ ಇಟ್ಟುಕೊಂಡಳು.

ಮುಳುಗಡೆ ಊರಿನ ಪಟೇಲನ ಚೀಟಿ ಬಂದದ್ದು ನಾಲೆ ನೀರಿನ ತೋಟ ಇರುವ ಮನೆಯ ಹುಡುಗನಿಗೆ. ಅವನು ಚೆನ್ನಾಗಿಯೇ ಕೇಳಿದ. 'ಸ್ವಾಮಿ, ನದಿ ಪಕ್ಕದ ಮಣ್ಣು ನಮ್ಮದು. ನಮ್ಮ ದೇವರು, ನಮ್ಮ ಹಿರಿಯರ ಸಮಾಧಿ ಅಲ್ಲೇ ಇದಾವೆ. ಬೇರೆ ಕಡೆ ಜಮೀನು ಕೊಡ್ತೀವಿ ಅಂತೀರಿ. ದೇವರನ್ನ ಹೊತ್ಕೊಂಡು ಹೋಗಬಹುದು, ಸಮಾಧೀನ ಹೊತ್ಕೊಂಡು ಹೋಗಾಕಾಗ್ತದಾ?'

ಹಿರಿಯೂರಿನ ರೈತನಾಗಿದ್ದವನು ಹೇಳಿದ. 'ನಮ್ಮ ಕಡೆ ಮಳೆ ನಂಬಿ ಬಿತ್ತೋದು ಜೂಜು ಆಡಿದಂಗೆ. ಹೊಳೆ ನೀರು ನಮ್ಮ ಕಣ್ಣ ಮುಂದೇನೇ ಹರಿದು ಹೋಗ್ತದೆ, ಬೇಸಿಗೇಲಿ ಮರಳು ಬಿಟ್ರೆ ಏನಿಲ್ಲ.'

ಕೊನೆಗೆ ದಿವಾನರು ಎದ್ದರು. ಅವಳು ಹಾಳೆ ನೋಡಲಿಲ್ಲ. ಗೋಡೆ ಕಡೆ ಕೈ ತೋರಿಸಿದಳು. 'ನಿನ್ನೆ ಅಲ್ಲಿ ಆರು ಜನ ನಿಂತಿದ್ರು. ಅವರು ಮತ್ತೆ ಅಲ್ಲಿ ಹೋಗಿ ನಿಲ್ಲಬಾರದು ಅಂದ್ರೆ ನೀರು ನಿಲ್ಲಬೇಕು. ಅದಕ್ಕೇ ಕಟ್ಟೆ. ಆದ್ರೆ ಗುಮಾಸ್ತರೇ, ಊರು ಬಿಟ್ಟವರು ಯಾರು, ಅವರಿಗೆ ಏನು ಕೊಟ್ಟಿರಿ ಅನ್ನೋದನ್ನ ತಪ್ಪದೆ ಬರೆದಿಡಿ.'

ದಿವಾನರು ಹಾಗೆ ಹೇಳಿದ್ದರು ಎಂದು ಯಾರೂ ತಿಳಿಯಬೇಡಿ. ಅದು ಮೂರನೇ ಮನೆಯ ಮಾತು. ಅವಳ ಮನೆಯ ಹಳೇ ಊರಿನ ಮಾತು ಎರಡನೇ ಮನೆಗೆ ಹೋಯಿತು. ಬರ, ಜನಗಣತಿ, 1898, 1907 ಇವೆಲ್ಲ ಒಂದನೇ ಮನೆಗೆ. ಕಟ್ಟೆ ಸರಿಯೋ ತಪ್ಪೋ ಎಂದು ಕೈ ಎತ್ತಿಸಲಿಲ್ಲ. ಎರಡೂ ಕಡೆ ನ್ಯಾಯ ಇದೆ ಎಂದು ತಿಳಿದದ್ದೇ ಅಂದಿನ ಪಾಠ.

ಇದು ಹಳೇ ಕಥೆ ಮಾತ್ರ ಅಲ್ಲ. ಕಟ್ಟೆ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ 2022ರಲ್ಲಿ ಮತ್ತೆ ಕೋಡಿ ಬಿತ್ತು. 89 ವರ್ಷ! 2025ರ ಜನವರಿಯಲ್ಲಿ ಮತ್ತೊಮ್ಮೆ. ಕೋಡಿ ಬಿದ್ದಾಗ ಹಿರಿಯೂರಿನ ಕಡೆಯವರು ಜಾತ್ರೆಯ ಹಾಗೆ ನೋಡಲು ಹೋದರು. ಹೊಸದುರ್ಗದ ಕಡೆ ಹಿನ್ನೀರಿನ ಪಕ್ಕದವರ ಹೊಲ ತೋಟಕ್ಕೆ ನೀರು ನುಗ್ಗಿತು. ನಮ್ಮ ಆಟದ ಪಟೇಲ ಮತ್ತು ರೈತ ಇಬ್ಬರೂ ಇವತ್ತೂ ಇದ್ದಾರೆ ಎಂದು ಆಗ ನಮಗೆ ಅನ್ನಿಸಿತು.

ಮೂರನೇ ಆಟ: ಒನಕೆ ಯಾರಿಗೆ, ಏಟು ಯಾರಿಗೆ?

ಈಗ ಸ್ವಲ್ಪ ಕಷ್ಟದ ವಿಷಯ ಬರೆಯುತ್ತೇನೆ.

ಚಿತ್ರದುರ್ಗದವರಿಗೆ ಒನಕೆ ಓಬವ್ವ ಎಂದರೆ ಮೈ ಜುಮ್ಮೆನ್ನುತ್ತದೆ. ಕಾವಲುಗಾರ ಗಂಡ ಊಟಕ್ಕೆ ಬಂದಾಗ ನೀರು ತರಲು ಹೋದವಳು, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದು ಹಾಕಿದಳು. 1972ರ 'ನಾಗರಹಾವು' ಸಿನಿಮಾ ಬಂದ ಮೇಲಂತೂ ಎಷ್ಟೋ ಜನರಿಗೆ ಜಯಂತಿಯವರ ಮುಖವೇ ಓಬವ್ವನ ಮುಖ. ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ದೃಶ್ಯ ಇದ್ದೇ ಇರುತ್ತದೆ.

ಈ ಆಟಕ್ಕೆ ಚೀಟಿ ಬರೆಯುವಾಗ ನಮ್ಮ ಒಬ್ಬ ಗೆಳೆಯ 'ನಾನು ಆಡಲ್ಲ, ಹಲಗೆ ಮೇಲೆ ಬರೆಯೋ ಕೆಲಸ ಕೊಡಿ ಸಾರ್' ಅಂದ. ಯಾಕೋ ಅಂದರೆ ಹೇಳಲಿಲ್ಲ. ಆಮೇಲೆ ಹೇಳಿದ. ಈ ಮೊದಲು ಅವನು ಓದಿದ ಒಂದು ಶಾಲೆಯಲ್ಲಿ ಮೂರು ವರ್ಷವೂ ಹೈದರನ ಸೈನಿಕ ಅವನೇ. ಕಿಂಡಿಯಿಂದ ತಲೆ ಹಾಕುವುದು, ಏಟು ತಿನ್ನುವುದು, ಬೀಳುವುದು. ಎಲ್ಲರೂ ಚಪ್ಪಾಳೆ. ಮನೆಗೆ ಹೋಗುವ ದಾರಿಯಲ್ಲೂ ಹುಡುಗರು ಕೋಲು ಹಿಡಿದು 'ಬಾರ್ಲಾ ಹೈದರ' ಅನ್ನುತ್ತಿದ್ದರಂತೆ. 'ನೀನೇ ಯಾಕೆ?' ಅಂತ ಒಬ್ಬಳು ಕೇಳಿದಳು. 'ನನ್ನ ಹೆಸರಿಗೆ' ಅಂದ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೇಷ್ಟ್ರು ಅವತ್ತು ಪಾಠ ಅಲ್ಲಿಗೇ ನಿಲ್ಲಿಸಿದರು. ಮಾರನೆಯ ದಿನ ಹಲಗೆಯ ಮೇಲೆ ಒಂದನೇ ಮನೆಗೆ ಇಷ್ಟು ಬರೆದರು:

ಹೈದರಾಲಿ ದುರ್ಗದ ಮೇಲೆ ಒಂದಕ್ಕಿಂತ ಹೆಚ್ಚು ಸಲ ದಂಡೆತ್ತಿ ಬಂದ. ಕೊನೆಗೆ 1779ರಲ್ಲಿ ಕೋಟೆ ಅವನ ವಶವಾಯಿತು. ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. ಹೈದರನ ಸೈನ್ಯದಲ್ಲಿ ಹಿಂದೂಗಳು ಬಹಳ ಜನ ಇದ್ದರು. ಮದಕರಿಯ ಚಾಕರಿಯಲ್ಲಿ ಮುಸಲ್ಮಾನರೂ ಇದ್ದರು. ಕೋಟೆ ಬಿದ್ದ ಮೇಲೆ ಸಾವಿರಾರು ಜನ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಅವರಲ್ಲಿ ಹುಡುಗರನ್ನು ಚೇಲಾ ಎಂಬ ಪಡೆಗೆ ಸೇರಿಸಿದರು.

ಓಬವ್ವನ ಕಥೆ ಎರಡನೇ ಮನೆಗೆ ಹೋಯಿತು. ಜನರ ಬಾಯಿಂದ ಬಾಯಿಗೆ ಬಂದದ್ದು. 'ಎರಡನೇ ಮನೆ ಅಂದ್ರೆ ಕೀಳು ಅಂತಲ್ಲ. ಕಾವಲುಗಾರನ ಹೆಂಡತಿ ಬಗ್ಗೆ ಅರಮನೆ ಕಾಗದದಲ್ಲಿ ಬರೆಯೋದು ಅಪರೂಪ, ಜನ ನೆನಪಿಟ್ಟುಕೊಂಡಿದಾರೆ' ಎಂದು ಮೇಷ್ಟ್ರು ಹೇಳಿದರು.

ಆಮೇಲೆ ಎಲ್ಲರೂ ಚೀಟಿ ಎತ್ತಿದೆವು, ಅವನೂ ಎತ್ತಿದ. ಅವನಿಗೆ ಬಂದದ್ದು ಓಬವ್ವನ ಗಂಡನ ಪಾತ್ರ. 'ಈ ವರ್ಷ ಊಟಕ್ಕೆ ಹೋಗೋ ಪಾತ್ರ ಸಿಕ್ತು' ಎಂದು ಅವನೇ ನಕ್ಕ, ನಾವೂ ನಕ್ಕೆವು. ಹೈದರನ ಸೈನಿಕನ ಚೀಟಿ ಬಂದದ್ದು ನನಗೆ. ಕಿಂಡಿ ಎಂದು ಇಟ್ಟ ಎರಡು ಬೆಂಚಿನ ನಡುವೆ ತೆವಳುವಾಗ ನನ್ನ ತಲೆಯಲ್ಲಿ ಬಂದ ಪ್ರಶ್ನೆ ಇದು: ನಾನು ಯಾವ ಊರಿನವಳು? ಸಂಬಳಕ್ಕೆ ಬಂದೆನಾ, ಹೆದರಿ ಬಂದೆನಾ? ಮೊದಲು ಕಿಂಡಿಯಲ್ಲಿ ನುಗ್ಗು ಎಂದು ನನ್ನನ್ನೇ ಯಾಕೆ ಕಳಿಸಿದರು? ಆಟದ ಕೊನೆಯಲ್ಲಿ ನಾವು ಓಬವ್ವನಿಗೆ ಚಪ್ಪಾಳೆ ಹೊಡೆದು ನಿಲ್ಲಿಸಲಿಲ್ಲ. ನಮ್ಮ ವಯಸ್ಸಿನ ಹುಡುಗರು ಸಾಲಾಗಿ ಶ್ರೀರಂಗಪಟ್ಟಣಕ್ಕೆ ನಡೆದು ಹೋಗುವುದನ್ನೂ ಆಡಿದೆವು. ಓಬವ್ವನ ಧೈರ್ಯ ಇದರಿಂದ ಒಂದಿಷ್ಟೂ ಕಡಿಮೆಯಾಗಲಿಲ್ಲ. ಯುದ್ಧ ಎಂದರೆ ಏನು ಎಂಬುದು ಮಾತ್ರ ಹೆಚ್ಚು ತಿಳಿಯಿತು.

ಗುರುಗಳೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ಹೆಸರು, ಜಾತಿ, ಬಣ್ಣ ನೋಡಿ ಪಾತ್ರ ಹಂಚಬೇಡಿ. ವೇಷ ಬಿಚ್ಚಿದ ಮೇಲೂ ಏಟು ಉಳಿಯುತ್ತದೆ.

ಮಾಡುವ ವಿಧಾನ

ನಮ್ಮ ಅನುಭವದಿಂದ ಕೆಲವು ಅಂಶ ಪಟ್ಟಿ ಮಾಡಿದ್ದೇನೆ.

1. ಒಂದು ಪಾಠಕ್ಕೆ ಮೂರು ಪೀರಿಯಡ್ಡು ಬೇಕು. ಒಂದು ಓದುವುದಕ್ಕೆ, ಒಂದು ಆಡುವುದಕ್ಕೆ, ಒಂದು ಮಾತಾಡುವುದಕ್ಕೆ. ಮೂರನೆಯದನ್ನು ಬಿಟ್ಟರೆ ಮೊದಲ ಎರಡೂ ವ್ಯರ್ಥ.
2. ಬೇರೆ ಬೇರೆ ಜನ ಬೇರೆ ಬೇರೆ ರೀತಿ ಯೋಚಿಸಿರಬಹುದಾದ ಘಟನೆ ಆರಿಸಿ. ಕಟ್ಟೆ, ಬರ, ಸಭೆ, ಶಾಸನ ಇಂಥವು ಚೆನ್ನ. ಬರೀ ಯುದ್ಧ ಬೇಡ.
3. ಪಾತ್ರಗಳನ್ನು ಚೀಟಿ ಎತ್ತಿ ಹಂಚಿ. ಎರಡನೇ ಸಲ ಅದಲು ಬದಲು ಮಾಡಿ. ಬೇಡ ಎಂದವರಿಗೆ ಬಲವಂತ ಬೇಡ. ಹಲಗೆಯ ಮೇಲೆ ಬರೆಯುವುದೂ ಒಂದು ಪಾತ್ರವೇ.
4. ವೇಷಭೂಷಣಕ್ಕೆ ಖರ್ಚು ಬೇಡ. ಹೆಗಲ ಮೇಲೊಂದು ಟವೆಲ್ಲು, ಸೀಮೆಸುಣ್ಣ, ಎರಡು ಬೆಂಚು ಸಾಕು.
5. ಹೊಡೆಯುವುದು, ಬೈಯುವುದು, ಜಾತಿ ಹಿಡಿದು ಮಾತಾಡುವುದು ಇಲ್ಲ. ಅನ್ಯಾಯ ತೋರಿಸಬೇಕಾದರೆ ಗೆರೆ ಎಳೆದು ಆಚೆ ನಿಲ್ಲಿಸಿದರೆ ಸಾಕು, ಅರ್ಥವಾಗುತ್ತದೆ.
6. ಕೊನೆಯಲ್ಲಿ ಮೂರು ಮನೆ ತುಂಬಿಸಿ. ಅದನ್ನು ನೋಟ್ಸಿನಲ್ಲಿ ಬರೆದುಕೊಳ್ಳಿ.

'ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಇದಕ್ಕೆಲ್ಲ ಟೈಮ್ ಎಲ್ಲಿ?' ಎಂದು ಕೆಲವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಎಲ್ಲ ಪಾಠವನ್ನೂ ಹೀಗೆ ಆಡಲು ಆಗುವುದಿಲ್ಲ, ವರ್ಷಕ್ಕೆ ಮೂರೋ ನಾಲ್ಕೋ ಸಾಕು. ಪ್ರಜಾಪ್ರತಿನಿಧಿ ಸಭೆ ಯಾವಾಗ ಶುರುವಾಯಿತು ಎಂದು ನಮ್ಮ ತರಗತಿಯ ಯಾರನ್ನಾದರೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿ, 1881 ಎನ್ನುತ್ತಾರೆ. ಆ ಸಭೆಯ ಬಾಗಿಲಲ್ಲಿ ಯಾರನ್ನು ತಡೆದರು ಎಂಬುದನ್ನೂ ಹೇಳುತ್ತಾರೆ. ಮೊದಲನೆಯದಕ್ಕೆ ಮಾರ್ಕ್ಸ್ ಇದೆ. ಎರಡನೆಯದಕ್ಕೆ ಇಲ್ಲ, ಆದರೆ ಅದು ಗೊತ್ತಿಲ್ಲದಿದ್ದರೆ ಇವತ್ತು ನಮ್ಮ ಅಪ್ಪ ಅಮ್ಮ ಸಾಲಿನಲ್ಲಿ ನಿಂತು ವೋಟು ಹಾಕುವುದರ ಬೆಲೆ ತಿಳಿಯುವುದಿಲ್ಲ.

ಓದುಗರಿಗೆ ಪ್ರಶ್ನೆಗಳು

1. ನಿಮ್ಮ ಊರಿನ ಕೆರೆ ಕಟ್ಟಿಸಿದವರು ಯಾರು? ಇದು ನಿಮಗೆ ಗೊತ್ತಾದದ್ದು ಯಾವ ಮನೆಯಿಂದ, ಒಂದನೆಯದೋ ಎರಡನೆಯದೋ?
2. ನಿಮ್ಮ ಮನೆಯಲ್ಲಿ ಬರದ ಬಗ್ಗೆ ಯಾರಾದರೂ ಹೇಳುತ್ತಾರೆಯೇ? ಆಗ ಏನು ತಿಂದರು, ಎಲ್ಲಿಗೆ ಗುಳೆ ಹೋದರು ಎಂದು ಕೇಳಿ ಬರೆದು ತನ್ನಿ.
3. ಪ್ರಜಾಪ್ರತಿನಿಧಿ ಸಭೆಯ ಚೌಕದ ಒಳಗೆ ನಿಮ್ಮ ಮನೆಯವರು ನಿಲ್ಲುತ್ತಿದ್ದರೋ, ಹೊರಗೋ?

ಉತ್ತರಗಳನ್ನು ಒಂದು ಹಾಳೆಯಲ್ಲಿ ಅಂದವಾಗಿ ಬರೆದು ಆಫೀಸ್ ರೂಮಿನ ಪಕ್ಕದ ಪೆಟ್ಟಿಗೆಗೆ ಹಾಕಿ. ಚೆನ್ನಾಗಿರುವುದನ್ನು ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಅಂಟಿಸುತ್ತೇವೆ. ಎರಡನೇ ಪ್ರಶ್ನೆಗೆ ಬಂದ ಉತ್ತರಗಳಿಂದಲೇ ನಮ್ಮ ನಾಲ್ಕನೇ ಆಟ.

ಇಂತಿ ನಿಮ್ಮ ಸಹಪಾಠಿ,
ಒಂಬತ್ತನೇ ತರಗತಿ